ಒಂದೇ ರಕ್ಷಾಪುಟ, ನಾಲ್ಕು ಕಪ್ಪು

ಕಂಚಿನ ಶಿಲ್ಪಗಳ ಪ್ರದರ್ಶನವೊಂದಕ್ಕೆ ಕ್ಯಾಟಲಾಗ್ ಅಚ್ಚಾಗಬೇಕಿತ್ತು. ರಕ್ಷಾಪುಟದಲ್ಲಿ ಹೆಚ್ಚಿನ ಅಲಂಕಾರವಿರಲಿಲ್ಲ. ಮುಂಬದಿಯಲ್ಲಿ ಕತ್ತಲೊಳಗಿಂದ ಮೂಡಿ ಬರುವ ಒಂದು ಶಿಲ್ಪ, ಬೆನ್ನಿನ ಮೇಲೆ ಬಿಳಿ ಅಕ್ಷರದ ಹೆಸರು, ಹಿಂಬದಿಯಲ್ಲಿ ಬೆನ್ನುಡಿ ಮತ್ತು ಸಂಸ್ಥೆಯ ಲಾಂಛನ. ಉಳಿದದ್ದೆಲ್ಲ ಕಪ್ಪು. ಮೂರೂ ಭಾಗ ಸೇರಿ ಒಂದೇ ಕಪ್ಪು ಹಾಳೆಯಂತೆ ಕಾಣಬೇಕು, ಚಿತ್ರ ಎಲ್ಲಿ ಮುಗಿದು ಬರಿಯ ಬಣ್ಣ ಎಲ್ಲಿ ಶುರುವಾಯಿತು ಎಂಬುದು ಯಾರಿಗೂ ತಿಳಿಯಬಾರದು ಎಂಬುದು ವಿನ್ಯಾಸಕಿಯ ಆಸೆ. ಶಿಲ್ಪದ ಚಿತ್ರವನ್ನು ಫೋಟೊಶಾಪ್‌ನಲ್ಲಿ ತಿದ್ದಲಾಗಿತ್ತು, ಲಾಂಛನ ಇಲ್ಲಸ್ಟ್ರೇಟರ್‌ನಿಂದ ಬಂದಿತ್ತು, ಪುಟವನ್ನು ಇನ್‌ಡಿಸೈನ್‌ನಲ್ಲಿ ಕಟ್ಟಲಾಗಿತ್ತು. ಗ್ರಾಹಕರು ಮೊಬೈಲ್‌ನಲ್ಲಿ ಜೆಪೆಗ್ ನೋಡಿ ಒಪ್ಪಿಗೆಯನ್ನೂ ಕೊಟ್ಟಿದ್ದರು. ಮುದ್ರಣಪೂರ್ವ ತಪಾಸಣೆಗೆಂದು ಪಿಡಿಎಫ್ ನನ್ನ ಬಳಿ ಬಂದಾಗ ಎಲ್ಲರ ಮಟ್ಟಿಗೆ ಕೆಲಸ ಮುಗಿದಂತೆಯೇ ಇತ್ತು.

ಮೊದಲ ಸುಳಿವು ಕಣ್ಣಿಗೆ ಸಿಕ್ಕಿದ್ದಲ್ಲ, ಲೆಕ್ಕಕ್ಕೆ ಸಿಕ್ಕಿದ್ದು. ಅಕ್ರೊಬ್ಯಾಟ್‌ನ ಔಟ್‌ಪುಟ್ ಪ್ರಿವ್ಯೂನಲ್ಲಿ ಒಟ್ಟು ಶಾಯಿಯ ಮಿತಿಯನ್ನು 300 ಪ್ರತಿಶತಕ್ಕೆ ಇಟ್ಟು ನೋಡುವುದು ರೂಢಿ. ಒಂದು ಜಾಗದಲ್ಲಿ ಬೀಳುವ ಸಯಾನ್, ಮೆಜೆಂಟಾ, ಹಳದಿ, ಕಪ್ಪು ನಾಲ್ಕರ ಪ್ರತಿಶತವನ್ನು ಕೂಡಿಸಿದರೆ ಬರುವ ಮೊತ್ತ ಅದು. ಮಿತಿ ಮೀರಿದ ಜಾಗಕ್ಕೆ ಎಚ್ಚರಿಕೆಯ ಬಣ್ಣ ಹತ್ತುತ್ತದೆ. ಇಲ್ಲಿ ಇಡೀ ರಕ್ಷಾಪುಟ ತಣ್ಣಗಿತ್ತು, ಬೆನ್ನಿಗೆ ತಾಗಿದಂತೆ ಮೇಲಿನಿಂದ ಕೆಳಗಿನವರೆಗೆ ಸುಮಾರು ಮೂರು ಮಿಲಿಮೀಟರ್ ಅಗಲದ ಒಂದು ಪಟ್ಟಿ ಮಾತ್ರ ಬೆಳಗಿತು. ವಿನ್ಯಾಸದಲ್ಲಿ ಅಂಥ ಪಟ್ಟಿಯೇ ಇಲ್ಲ. ಯಾರೂ ಎಳೆಯದ ಗೆರೆಯೊಂದು ಫೈಲಿನಲ್ಲಿ ಇದೆಯೆಂದರೆ ಎರಡು ವಸ್ತುಗಳು ಒಂದರ ಮೇಲೊಂದು ಹತ್ತಿವೆ ಎಂದೇ ಅರ್ಥ.

ಕರ್ಸರ್ ಹಿಡಿದು ಅಂಕಿಗಳನ್ನು ಓದುತ್ತಾ ಹೋದೆ. ಸಯಾನ್, ಮೆಜೆಂಟಾ, ಹಳದಿ, ಕಪ್ಪು ಎಂಬ ಕ್ರಮದಲ್ಲಿ ಮುಂಬದಿಯ ಚಿತ್ರದ ಅಂಚು 75, 68, 67, 90. ಮೊತ್ತ ಸರಿಯಾಗಿ 300. ಹಿಂಬದಿ ಮತ್ತು ಬೆನ್ನು 0, 0, 0, 100. ನಡುವಿನ ಪಟ್ಟಿ 75, 68, 67, 100, ಅಂದರೆ 310. ಲಾಂಛನದ ಹಿಂದೆ ಮತ್ತೊಂದು ಚೌಕ, ಅದು 70, 67, 64, 74. ಪರದೆಯ ಮೇಲೆ ಒಂದೇ ಎಂದು ಎಲ್ಲರೂ ನಂಬಿದ್ದ ಕಪ್ಪು, ಪ್ಲೇಟಿಗೆ (ಒಂದೊಂದು ಶಾಯಿಗೆ ಒಂದೊಂದಾಗಿ ಮಾಡುವ ಅಚ್ಚಿನ ತಗಡು) ಹೋಗುವ ಹೊತ್ತಿಗೆ ನಾಲ್ಕು ಆಗಿತ್ತು.

ಅಚ್ಚಾಗಿದ್ದರೆ ಏನಾಗುತ್ತಿತ್ತು ಎಂಬುದನ್ನು ತೋರಿಸಲು ಒಂದು ಬಣ್ಣದ ಪ್ರೂಫ್, ಅಂದರೆ ಮಾದರಿ ಪ್ರತಿ, ತೆಗೆದೆವು. ಹಿಂಬದಿ ಇದ್ದಿಲಿನ ಹಾಗೆ ಬೂದು ಹೊರಳಿತ್ತು. ಮುಂಬದಿಯ ಕಪ್ಪಿಗೆ ಅದರ ಎರಡರಷ್ಟು ಆಳವಿದ್ದಂತೆ ತೋರಿತು. ಲಾಂಛನದ ಸುತ್ತ ಚೌಕ ಎದ್ದು ನಿಂತಿತ್ತು. ಬೆನ್ನಿನ ಪಕ್ಕದ ಪಟ್ಟಿ ನೇರವಾಗಿ ನೋಡಿದರೆ ಕಾಣದು, ಹಾಳೆಯನ್ನು ಓರೆಯಾಗಿ ಬೆಳಕಿಗೆ ಹಿಡಿದಾಗ ಮಾತ್ರ ತೆಳ್ಳಗೆ ಹೊಳೆಯುತ್ತಿತ್ತು. ವಿನ್ಯಾಸಕಿ ಪ್ರೂಫ್ ನೋಡಿ ಮುದ್ರಣ ಯಂತ್ರದ ಮೇಲೆ ಅನುಮಾನಪಟ್ಟರು. ಅವರ ಅನುಮಾನದಲ್ಲಿ ನನಗೆ ತಪ್ಪೇನೂ ಕಾಣಲಿಲ್ಲ. ಅವರ ಪರದೆ ಒಮ್ಮೆಯೂ ಈ ವ್ಯತ್ಯಾಸವನ್ನು ಅವರಿಗೆ ತೋರಿಸಿರಲಿಲ್ಲ.

ಪರದೆ ಏಕೆ ಸುಮ್ಮನಿತ್ತು

ಇನ್‌ಡಿಸೈನ್ ಮತ್ತು ಇಲ್ಲಸ್ಟ್ರೇಟರ್ ಎರಡರಲ್ಲೂ ಪ್ರಿಫರೆನ್ಸಸ್‌ನ ಒಳಗೆ ಅಪಿಯರೆನ್ಸ್ ಆಫ್ ಬ್ಲ್ಯಾಕ್ ಎಂಬ ಒಂದು ವಿಭಾಗವಿದೆ. ನಾವಾಗಿ ಬದಲಾಯಿಸದ ಹೊರತು ಅಲ್ಲಿ ಎಲ್ಲ ಕಪ್ಪುಗಳನ್ನೂ ರಿಚ್ ಬ್ಲ್ಯಾಕ್ (ಇತರ ಶಾಯಿಗಳೂ ಸೇರಿದ ಗಾಢ ಕಪ್ಪು) ಆಗಿ ತೋರಿಸು ಎಂಬ ಆಯ್ಕೆಯೇ ಇರುತ್ತದೆ. ಹಾಗಿರುವಾಗ ಕೇವಲ ಕಪ್ಪು ಶಾಯಿ ನೂರು ಪ್ರತಿಶತ ಇರುವ ಬಣ್ಣವನ್ನೂ ಪರದೆ ತನ್ನಿಂದಾದಷ್ಟು ಗಾಢ ಕಪ್ಪಾಗಿ ಬೆಳಗುತ್ತದೆ. ನಾಲ್ಕು ಶಾಯಿಯ ಕಪ್ಪೂ ಅಷ್ಟೇ ಗಾಢ. ಎರಡರ ನಡುವಿನ ಗೆರೆ ಅಳಿಸಿಹೋಗುತ್ತದೆ. ಆ ಆಯ್ಕೆಯನ್ನು ಎಲ್ಲ ಕಪ್ಪುಗಳನ್ನೂ ನಿಖರವಾಗಿ ತೋರಿಸು ಎಂಬುದಕ್ಕೆ ಬದಲಾಯಿಸಿದ ಕ್ಷಣವೇ ವಿನ್ಯಾಸಕಿಯ ಪರದೆಯಲ್ಲಿ ಹಿಂಬದಿ ಬೂದಾಯಿತು.

ಅದೇ ವಿಭಾಗದಲ್ಲಿ ಹೊರಕಳಿಸುವುದಕ್ಕೂ ಒಂದು ಆಯ್ಕೆಯಿದೆ. ಅದು ಆರ್‌ಜಿಬಿ (ಪರದೆಯ ಕೆಂಪು, ಹಸಿರು, ನೀಲಿ ಬೆಳಕಿನ ಲೆಕ್ಕ) ಸಾಧನಗಳಿಗೆ ಮತ್ತು ಆರ್‌ಜಿಬಿಯಾಗಿ ಹೊರತೆಗೆಯುವ ಫೈಲ್‌ಗಳಿಗೆ ಮಾತ್ರ ಅನ್ವಯಿಸುತ್ತದೆ, ಸಿಎಂವೈಕೆ (ಮುದ್ರಣದ ನಾಲ್ಕು ಶಾಯಿಯ ಲೆಕ್ಕ) ಪಿಡಿಎಫ್‌ನ ಪ್ಲೇಟುಗಳನ್ನು ಮುಟ್ಟುವುದಿಲ್ಲ. ಗ್ರಾಹಕರಿಗೆ ಕಳಿಸಿದ ಜೆಪೆಗ್‌ನಲ್ಲಿ ಮುಂಬದಿ, ಹಿಂಬದಿಯ ಕಪ್ಪು ಒಂದಾಗಿ ಕಂಡದ್ದು ಹೀಗೆ. ಒಪ್ಪಿಗೆ ಸಿಕ್ಕಿದ್ದು ಮುದ್ರಣಕ್ಕೆ ಹೋಗದ ಒಂದು ಚಿತ್ರಕ್ಕೆ.

ಫೋಟೊಶಾಪ್‌ನಲ್ಲಿ ಇಂಥ ಆಯ್ಕೆ ಇಲ್ಲ. ಅಲ್ಲಿ ಸಿಎಂವೈಕೆ ಫೈಲಿನಲ್ಲಿ 0, 0, 0, 100 ಎಂದು ತುಂಬಿದರೆ ಅದು ಕಾಗದದ ಮೇಲೆ ಹೇಗೆ ಬೀಳಬಹುದೋ ಹಾಗೆಯೇ ಕಾಣುತ್ತದೆ. ಒಂದು ಬಗೆಯ ಮುದ್ರಣದಲ್ಲಿ ಶಾಯಿ ಹೇಗೆ ಕಾಣುತ್ತದೆಂದು ವಿವರಿಸುವ ಕಡತಕ್ಕೆ ಪ್ರೊಫೈಲ್ ಎನ್ನುತ್ತಾರೆ. ಯು.ಎಸ್. ವೆಬ್ ಕೋಟೆಡ್ ಸ್ವಾಪ್ ಪ್ರೊಫೈಲ್‌ನಲ್ಲಿ ಅದು ಆರ್‌ಜಿಬಿ 35, 31, 32ರ ಬೂದುಗಪ್ಪು. ಇದನ್ನು ಕಂಡ ಬಹಳಷ್ಟು ವಿನ್ಯಾಸಕರು ಫೋಟೊಶಾಪ್‌ನ ಕಪ್ಪೇ ಸರಿಯಿಲ್ಲ ಎಂದು ತೀರ್ಮಾನಿಸಿ ಕಣ್ಣಿಗೆ ಹೊಂದುವವರೆಗೆ ಸ್ಲೈಡರ್‌ಗಳನ್ನು ಎಳೆಯುತ್ತಾರೆ. ಮೂರರಲ್ಲಿ ಸತ್ಯ ಹೇಳುತ್ತಿದ್ದುದು ಫೋಟೊಶಾಪ್ ಒಂದೇ, ಅನುಮಾನಕ್ಕೆ ಗುರಿಯಾದದ್ದೂ ಅದೇ.

ಪ್ರತಿಯೊಂದು ಕಪ್ಪಿನ ಹುಟ್ಟು

ಚಿತ್ರದ ಕಪ್ಪಿನ ಮೂಲ ಸರಳ. ಆರ್‌ಜಿಬಿಯಲ್ಲಿ 0, 0, 0 ಇದ್ದದ್ದನ್ನು ಸ್ವಾಪ್ ಪ್ರೊಫೈಲ್ ಮೂಲಕ ಸಿಎಂವೈಕೆಗೆ ಪರಿವರ್ತಿಸಿದರೆ ಸಿಗುವುದೇ 75, 68, 67, 90. ಎಷ್ಟೋ ಕಂಪ್ಯೂಟರ್‌ಗಳಲ್ಲಿ ಯಾರೂ ಮುಟ್ಟದ ಬಣ್ಣದ ಸೆಟ್ಟಿಂಗ್ ಇದೇ ಆದ್ದರಿಂದ ಈ ನಾಲ್ಕು ಅಂಕಿಗಳು ನನಗೆ ಬಾಯಿಪಾಠವಾಗಿವೆ. ಮುದ್ರಣಾಲಯ ಕೇಳಿದ್ದು ಫೋಗ್ರಾ 39 ಎಂಬ ಬೇರೊಂದು ಪ್ರೊಫೈಲ್. ಆ ಪ್ರೊಫೈಲ್‌ಗೆ ಹೊಸದಾಗಿ ಪರಿವರ್ತಿಸಿದ್ದರೆ ಅದೇ ಸೊನ್ನೆ ಸುಮಾರು 91, 79, 62, 97 ಆಗುತ್ತಿತ್ತು. ಮೊತ್ತ 329. ಆದ್ದರಿಂದ ಸರಿಯಾದ ಪ್ರೊಫೈಲ್ ಹಾಕಿದರೆ ಸಾಕು, ಕಪ್ಪು ತಾನಾಗಿ ಹೊಂದುತ್ತದೆ ಎಂಬ ಸಲಹೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಮಿತಿ ಮೀರಿದ ಐದನೆಯ ಕಪ್ಪೊಂದು ಹುಟ್ಟುತ್ತಿತ್ತು, ಅಷ್ಟೇ.

ಹಿಂಬದಿಯ ಕಪ್ಪು ಇನ್‌ಡಿಸೈನ್‌ನ ಸ್ವಾಚ್ (ಉಳಿಸಿಟ್ಟ ಬಣ್ಣ) ಪಟ್ಟಿಯಲ್ಲಿ ಮೊದಲೇ ಇರುವ ಬ್ಲ್ಯಾಕ್. ಅದು ಕಪ್ಪು ಶಾಯಿ ಮಾತ್ರ. ಕೋಟೆಡ್, ಅಂದರೆ ನುಣುಪು ಲೇಪವಿರುವ, ಕಾಗದದ ಮೇಲೆ ಒಂಟಿ ಕಪ್ಪು ಎಷ್ಟು ತಿಳಿಯಾಗಿದೆ ಎಂದು ಅಳೆದರೆ ಎಲ್ ಮೌಲ್ಯ 16ರ ಆಸುಪಾಸು ಬರುತ್ತದೆ. ಪೂರ್ಣ ಕಪ್ಪೆಂದರೆ ಸೊನ್ನೆ. ಇತರ ಶಾಯಿಗಳು ಕೆಳಗೆ ಸೇರಿದಾಗ ಆ ಅಂಕಿ ಇನ್ನೂ ಇಳಿಯುತ್ತದೆ. ಅಕ್ಷರಗಳಿಗೆ ಒಂಟಿ ಕಪ್ಪು ಸಾಕು. ಇಡೀ ಹಾಳೆ ತುಂಬುವಾಗ ಅದು ಸೋಲುತ್ತದೆ.

ಪಟ್ಟಿಯದು ಹೆಚ್ಚು ಸ್ವಾರಸ್ಯದ ಸಂಗತಿ. ಹಿಂಬದಿಯ ಕಪ್ಪು ಚೌಕಟ್ಟನ್ನು ವಿನ್ಯಾಸಕಿ ಚಿತ್ರದ ಅಂಚಿನ ಮೇಲೆ ತುಸು ಹತ್ತಿಸಿದ್ದರು, ನಡುವೆ ಬಿಳಿ ಸಂದು ಉಳಿಯದಿರಲಿ ಎಂದು. ಒಳ್ಳೆಯ ಅಭ್ಯಾಸವೇ. ಆದರೆ ಇನ್‌ಡಿಸೈನ್‌ನ ಆ ಬ್ಲ್ಯಾಕ್ ಸ್ವಾಚ್ ನೂರು ಪ್ರತಿಶತದಲ್ಲಿ ತಾನಾಗಿಯೇ ಓವರ್‌ಪ್ರಿಂಟ್ ಆಗುತ್ತದೆ. ಕೆಳಗಿನ ಶಾಯಿಯನ್ನು ತೆಗೆಯದೆ ಅದರ ಮೇಲೆಯೇ ಬೀಳುತ್ತದೆ. ಚಿತ್ರದ ಮೇಲೆ ಸಣ್ಣ ಕಪ್ಪು ಅಕ್ಷರ ಕೂರಿಸುವಾಗ ಇದು ವರ. ಪ್ಲೇಟುಗಳು ಕೂದಲೆಳೆ ಸರಿದರೂ ಅಕ್ಷರದ ಸುತ್ತ ಬಿಳಿ ಮೂಡುವುದಿಲ್ಲ. ದೊಡ್ಡ ಚೌಕಟ್ಟಿಗೆ ಅದೇ ಗುಣ ಮುಳುವು. ಚಿತ್ರದ 75, 68, 67 ಹಾಗೆಯೇ ಉಳಿದು ಕಪ್ಪಿನ ಪ್ಲೇಟಿನಲ್ಲಿ ಮಾತ್ರ 90 ಇದ್ದದ್ದು 100 ಆಯಿತು. ಎಚ್ಚರಿಕೆಯ ಬಣ್ಣ ಹತ್ತಿದ್ದು ಆ ಹತ್ತು ಪ್ರತಿಶತಕ್ಕೆ. ಚಿತ್ರದ ಮೊತ್ತ 290 ಇದ್ದಿದ್ದರೆ ತಪಾಸಣೆಯೂ ಬಾಯಿ ಬಿಡುತ್ತಿರಲಿಲ್ಲ.

ಲಾಂಛನದ ಚೌಕ ಒಂದು ಸುತ್ತು ಹೊಡೆದು ಬಂದ ಕಪ್ಪು. ಮೂಲದಲ್ಲಿ ಅದು ಶುದ್ಧ ಒಂಟಿ ಕಪ್ಪೇ ಇದ್ದಿರಬೇಕು. ಜಾಲತಾಣಕ್ಕೆಂದು ಯಾರೋ ಆ ಇಲ್ಲಸ್ಟ್ರೇಟರ್ ಫೈಲನ್ನು ಆರ್‌ಜಿಬಿಗೆ ಬದಲಾಯಿಸಿದಾಗ 35, 31, 32 ಆಯಿತು. ಮುದ್ರಣಕ್ಕೆಂದು ಮತ್ತೆ ಸಿಎಂವೈಕೆಗೆ ತಂದಾಗ ಅದು ಹಳೆಯ ಜಾಗಕ್ಕೆ ಮರಳದೆ 70, 67, 64, 74 ಆಯಿತು. ಪರಿವರ್ತನೆಗೆ ಬಣ್ಣದ ತೋರಿಕೆ ಮುಖ್ಯ, ಅದು ಯಾವ ಶಾಯಿಯಿಂದ ಆಗಿತ್ತು ಎಂಬ ನೆನಪು ಅದಕ್ಕಿಲ್ಲ. ಈ ನಾಲ್ಕು ಅಂಕಿ ಎಲ್ಲಿ ಕಂಡರೂ ಒಂದು ಒಂಟಿ ಕಪ್ಪು ಆರ್‌ಜಿಬಿಗೆ ಹೋಗಿ ಬಂದಿದೆ ಎಂದು ತಿಳಿಯಬಹುದು.

ಯಾವ ಕಪ್ಪಿಗೆ ಯಾರು ಹೊಂದಿಕೊಳ್ಳಬೇಕು

ವಿನ್ಯಾಸಕಿಯ ಮೊದಲ ಪರಿಹಾರ ಸಹಜವಾದದ್ದು: ಇನ್‌ಡಿಸೈನ್‌ನಲ್ಲಿ 75, 68, 67, 90ರ ಹೊಸ ಸ್ವಾಚ್ ಮಾಡಿ ಹಿಂಬದಿಗೆ ತುಂಬುವುದು. ಎರಡು ಕಾರಣಕ್ಕೆ ಬೇಡವೆಂದೆ. ದೊಡ್ಡ ಸಾಲಿಡ್ ಜಾಗದಲ್ಲಿ ಮಿತಿಯ ಅಂಚಿನವರೆಗೆ ಶಾಯಿ ಸುರಿದರೆ ಒಣಗಲು ತಡವಾಗುತ್ತದೆ, ಒಂದು ಹಾಳೆಯ ಶಾಯಿ ಮೇಲಿನ ಹಾಳೆಯ ಬೆನ್ನಿಗೆ ಅಂಟುತ್ತದೆ. ಎರಡನೆಯದು ಇನ್ನೂ ದೊಡ್ಡದು: ಚಿತ್ರದ ಹಿನ್ನೆಲೆ ಎಲ್ಲ ಕಡೆಯೂ 75, 68, 67, 90 ಇರಲೇ ಇಲ್ಲ. ಕ್ಯಾಮೆರಾ ಹಿಡಿದ ಕತ್ತಲು ಸಪಾಟಾಗಿರುವುದಿಲ್ಲ. ಬೆನ್ನಿನ ಕಡೆಯ ಅಂಚು ಆ ಅಂಕಿಯಲ್ಲಿತ್ತು, ಮೇಲಿನ ಮೂಲೆಗೆ ಹೋದಂತೆ ದೀಪದ ಸೋಂಕಿನಿಂದ 73, 67, 66, 83ಕ್ಕೆ ಇಳಿದಿತ್ತು. ಒಂದೇ ಅಂಕಿಯ ಸ್ವಾಚ್ ಒಂದು ಮೂಲೆಗೆ ಹೊಂದಿದರೆ ಇನ್ನೊಂದಕ್ಕೆ ಹೊಂದದು.

ಇನ್ನೊಂದು ದಾರಿ ಇತ್ತು. ಚಿತ್ರದ ಕ್ಯಾನ್ವಾಸನ್ನೇ ಬೆನ್ನು, ಹಿಂಬದಿ, ಬ್ಲೀಡ್ (ಕತ್ತರಿಸಲೆಂದು ಅಂಚಿನಾಚೆ ಬಿಡುವ ಜಾಗ) ಸೇರಿ ಪೂರ್ಣ ರಕ್ಷಾಪುಟದಷ್ಟು ಹಿಗ್ಗಿಸಿ ಎಲ್ಲ ಕಪ್ಪನ್ನೂ ಫೋಟೊಶಾಪ್‌ಗೆ ಒಪ್ಪಿಸುವುದು. ಹೊಂದಿಸುವ ತಲೆನೋವೇ ಇಲ್ಲ. ಪೋಸ್ಟರ್ ಆಗಿದ್ದರೆ ನಾನು ಅದನ್ನೇ ಆರಿಸುತ್ತಿದ್ದೆ. ಪುಸ್ತಕಕ್ಕೆ ಬೆನ್ನಿದೆ. ಒಳಪುಟಗಳ ಸಂಖ್ಯೆಯೋ ಕಾಗದದ ದಪ್ಪವೋ ಬದಲಾದರೆ ಬೆನ್ನಿನ ಅಗಲ ಬದಲಾಗುತ್ತದೆ, ಆಗ ಇಡೀ ಚಿತ್ರವನ್ನು ಮತ್ತೆ ತೆರೆಯಬೇಕು. ಕ್ಯಾಟಲಾಗಿನ ಪುಟಗಳು ಇನ್ನೂ ಕೂಡುತ್ತಾ ಕಳೆಯುತ್ತಾ ಇದ್ದವು.

ಕೊನೆಗೆ ಎಲ್ಲರೂ ಒಂದೇ ಕಪ್ಪಿಗೆ ಬರಲಿ ಎಂದು 60, 40, 40, 100 ಗೊತ್ತುಮಾಡಿದೆವು. ಮೊತ್ತ 240. ಕಪ್ಪಿನ ಜೊತೆ ಸಯಾನ್ 60 ಮಾತ್ರ ಸೇರಿಸುವ ಮಾತೂ ಬಂದಿತ್ತು. ಶಾಯಿ ಕಡಿಮೆ, ತಣ್ಣನೆಯ ಕಪ್ಪು. ಶಿಲ್ಪದ ನೆರಳುಗಳು ನಾಲ್ಕು ಶಾಯಿಯವು, ಅವುಗಳ ಪಕ್ಕದಲ್ಲಿ ಆ ಕಪ್ಪು ನೀಲಿ ಹೊಡೆಯುತ್ತದೆ ಎಂದು ಕೈಬಿಟ್ಟೆವು. ಬಿಡಿಯಾದ ಶೀರ್ಷಿಕೆಯ ಹಾಳೆಗೆ ಅದು ಒಪ್ಪುತ್ತದೆ, ಕಂಚಿನ ಮಗ್ಗುಲಿಗೆ ಒಪ್ಪುವುದಿಲ್ಲ. ಪರದೆಯಲ್ಲಿ ಎಲ್ಲಕ್ಕಿಂತ ಗಾಢವಾಗಿ ಕಾಣುತ್ತದೆಂದು ರಿಜಿಸ್ಟ್ರೇಷನ್ ಸ್ವಾಚ್ ತುಂಬುವವರೂ ಇದ್ದಾರೆ. ಅದು ನಾಲ್ಕೂ ಪ್ಲೇಟಿನಲ್ಲಿ ನೂರು, ಒಟ್ಟು 400. ಕತ್ತರಿಸುವ ಗುರುತುಗಳಿಗೆ ಮೀಸಲಾದ ಬಣ್ಣ. ಅದನ್ನು ಹಾಳೆ ತುಂಬ ಬಳಿದ ಫೈಲ್ ಬಂದರೆ ಯಂತ್ರದ ಹತ್ತಿರಕ್ಕೂ ಬಿಡುವಂತಿಲ್ಲ.

ಚಿತ್ರವನ್ನು ಆ ಅಂಕಿಗೆ ತರುವುದೇ ಕೆಲಸದ ತಿರುಳು. ಸ್ವಾಪ್‌ನಲ್ಲಿದ್ದ ಸಿಎಂವೈಕೆ ಪ್ರತಿಯನ್ನು ಬದಿಗಿಟ್ಟು ಮೂಲ ಆರ್‌ಜಿಬಿ ಚಿತ್ರವನ್ನು ತರಿಸಿಕೊಂಡೆವು, ಏಕೆಂದರೆ ಒಂದು ಸಿಎಂವೈಕೆಯಿಂದ ಇನ್ನೊಂದಕ್ಕೆ ಹೋಗುವಾಗ ಕಂಚಿನ ಬಣ್ಣವೂ ಕೆಡುತ್ತದೆ. ಫೋಗ್ರಾ 39ರ ಅಳತೆಗಳ ಮೇಲೆಯೇ ಕಟ್ಟಿದ, ಒಟ್ಟು ಶಾಯಿಯನ್ನು 300ಕ್ಕೆ ನಿಲ್ಲಿಸುವ ಐಎಸ್‌ಒ ಕೋಟೆಡ್ ವಿ2 300 ಪ್ರೊಫೈಲ್‌ಗೆ ಪರಿವರ್ತಿಸಿದೆವು. ಪರಿವರ್ತನೆ ಮುಗಿದ ಮೇಲೆ, ಅದಕ್ಕೆ ಮುಂಚೆ ಅಲ್ಲ, ಚಿತ್ರದ ಮೇಲೆ 60, 40, 40, 100ರ ಒಂದು ಸಾಲಿಡ್ ಕಲರ್ ಪದರ ಹಾಕಿದೆವು. ಅಂಕಿಗಳನ್ನು ಕೈಯಾರೆ ಟೈಪ್ ಮಾಡಬೇಕು, ಐಡ್ರಾಪರ್‌ನಿಂದ ಎತ್ತಬಾರದು. ಆ ಪದರದ ಮಾಸ್ಕ್‌ನಲ್ಲಿ (ಪದರದ ಯಾವ ಭಾಗ ಕಾಣಬೇಕೆಂದು ಹೇಳುವ ಮುಸುಕು) ಶಿಲ್ಪವನ್ನು ತೆರೆದು, ಸುತ್ತ ಅಗಲವಾಗಿ ಮಸುಕಾಗಿಸಿ, ಅಂಚುಗಳನ್ನು ಪೂರ್ತಿ ಮುಚ್ಚಿದೆವು. ಶಿಲ್ಪದಿಂದ ಅಂಚಿನ ಕಡೆಗೆ ಸಾಗಿದಂತೆ ಬಣ್ಣದ ಮೂರು ಶಾಯಿಗಳು ನಿಧಾನವಾಗಿ ಇಳಿಯುತ್ತವೆ, ಕಪ್ಪು ನಿಧಾನವಾಗಿ ನೂರಕ್ಕೆ ಏರುತ್ತದೆ. ಮಸುಕು ಅಗಲವಿದ್ದರೆ ಕಣ್ಣಿಗೆ ಏನೂ ತಿಳಿಯುವುದಿಲ್ಲ. ಮೊದಲು ಕಿರಿದಾಗಿ ಮಾಡಿದಾಗ ಶಿಲ್ಪದ ಹೆಗಲ ಸುತ್ತ ಮಬ್ಬು ಪ್ರಭಾವಳಿಯೊಂದು ಕಂಡಿತು, ದೇವರ ವಿಗ್ರಹವಾಗಿದ್ದರೆ ಹಾಗೆಯೇ ಬಿಡಬಹುದಿತ್ತೇನೋ. ನಾಲ್ಕೂ ಅಂಚುಗಳಲ್ಲಿ ಇನ್ಫೊ ಪ್ಯಾನೆಲ್ ಒಂದೇ ಅಂಕಿ ಹೇಳುವವರೆಗೆ ತಿದ್ದಿ, ಪಿಎಸ್‌ಡಿಯಾಗಿ ಉಳಿಸಿದೆವು. ಜೆಪೆಗ್‌ನ ಸಂಕುಚನ ಸಪಾಟು ಬಣ್ಣದಲ್ಲೂ ಒಂದೆರಡು ಅಂಕಿ ಅಲುಗಿಸಬಲ್ಲದು.

ಲಾಂಛನಕ್ಕೆ ಚೌಕವೇ ಬೇಕಿರಲಿಲ್ಲ. ಅಳಿಸಿದೆವು. ಬಿಳಿ ಲಾಂಛನ ನೇರವಾಗಿ ಹಿಂಬದಿಯ ಕಪ್ಪಿನ ಮೇಲೆ ಕೂತಿತು. ಓವರ್‌ಪ್ರಿಂಟ್‌ನ ತಕರಾರೂ ತಾನಾಗಿ ತೀರಿತು: ನಾವೇ ಮಾಡಿದ ಸ್ವಾಚ್‌ಗೆ ಓವರ್‌ಪ್ರಿಂಟ್ ತಾನಾಗಿ ಹತ್ತುವುದಿಲ್ಲ, ಅದು ಕೆಳಗಿನದನ್ನು ತೆಗೆದುಹಾಕಿ ಕೂರುತ್ತದೆ. ಹತ್ತಿದ ಮೂರು ಮಿಲಿಮೀಟರ್‌ನಲ್ಲಿಯೂ ಅದೇ ಅಂಕಿ.

ಸರಿಯಾದ ಮೇಲೆ ಕೆಟ್ಟದ್ದು

ಹೊಸ ಪಿಡಿಎಫ್ ತೆಗೆದು ನೋಡಿದರೆ ಹಿಂಬದಿ 60, 40, 40, 100 ಓದಲಿಲ್ಲ, ಬೇರೆಯೇ ನಾಲ್ಕು ಅಂಕಿ ಬಂದವು. ಇನ್‌ಡಿಸೈನ್‌ನಲ್ಲಿ ಸ್ವಾಚ್ ಸರಿಯಾಗಿತ್ತು. ಹುಡುಕಿದಾಗ ಸಿಕ್ಕಿದ್ದು ಎರಡು ಸಂಗತಿ. ವಿನ್ಯಾಸಕಿ ಈ ಕಡತವನ್ನು ಪರದೆಗಾಗಿ ಮಾಡಿದ್ದ ಹಳೆಯ ಕಡತವೊಂದರಿಂದ ಬೆಳೆಸಿದ್ದರು, ಅದರ ಟ್ರಾನ್ಸ್‌ಪರೆನ್ಸಿ ಬ್ಲೆಂಡ್ ಸ್ಪೇಸ್ (ಪಾರದರ್ಶಕ ವಸ್ತುಗಳ ಬಣ್ಣ ಬೆರೆಸುವ ಲೆಕ್ಕ) ಆರ್‌ಜಿಬಿ ಆಗಿತ್ತು. ಜೊತೆಗೆ ಲಾಂಛನ ತುಸು ಹಿಂದೆ ಸರಿಯಲಿ ಎಂದು ಅದಕ್ಕೆ ಅರೆಪಾರದರ್ಶಕತೆ ಕೊಟ್ಟಿದ್ದರು. ಪುಟದಲ್ಲಿ ಪಾರದರ್ಶಕ ವಸ್ತು ಒಂದೇ ಒಂದು ಇದ್ದರೂ ಆ ಹರವಿನ ಬಣ್ಣಗಳೆಲ್ಲ ಬ್ಲೆಂಡ್ ಸ್ಪೇಸ್ ಮೂಲಕ ಹಾಯುತ್ತವೆ. ನಮ್ಮ ಕಪ್ಪು ಆರ್‌ಜಿಬಿಗೆ ಹೋಗಿ ಮರಳಿತ್ತು. ಎಡಿಟ್ ಮೆನುವಿನಲ್ಲಿ ಅದನ್ನು ಸಿಎಂವೈಕೆಗೆ ಬದಲಾಯಿಸಿದ ಕೂಡಲೇ ಅಂಕಿಗಳು ಮರಳಿದವು. ಲಾಂಛನದ ಮಸುಕನ್ನೂ ತೆಗೆದು, ಅದಕ್ಕೆ ನೇರವಾಗಿ ಬೂದು ಬಣ್ಣವನ್ನೇ ಕೊಟ್ಟೆವು. ಪಿಡಿಎಫ್ ತೆಗೆಯುವಾಗ ಗಮ್ಯ ಪ್ರೊಫೈಲ್‌ಗೆ ಪರಿವರ್ತಿಸು, ಆದರೆ ಅಂಕಿಗಳನ್ನು ಉಳಿಸು ಎಂಬ ಆಯ್ಕೆಯನ್ನು ಆರಿಸಿದೆವು. ಅಂಕಿ ಉಳಿಸದ ಆಯ್ಕೆಯಲ್ಲಿ ಒಂಟಿ ಕಪ್ಪಿನ ಸಣ್ಣ ಅಕ್ಷರಗಳೂ ನಾಲ್ಕು ಶಾಯಿಗೆ ಒಡೆದುಹೋಗುವ ಅಪಾಯವಿದೆ.

ಕಪ್ಪು ಗಾಢವಾದಾಗ ಬಿಳಿ ಅಕ್ಷರಕ್ಕೆ ಕಷ್ಟ ಬಂತು. ಬೆನ್ನುಡಿ ಒಂಬತ್ತು ಪಾಯಿಂಟಿನ ಸಪೂರ ಅಕ್ಷರ. ಒಂಟಿ ಕಪ್ಪಿನಲ್ಲಿ ಅದು ಒಂದೇ ಪ್ಲೇಟಿನ ರಂಧ್ರ, ಈಗ ನಾಲ್ಕು ಪ್ಲೇಟಿನ ರಂಧ್ರಗಳು ಒಂದರ ಮೇಲೊಂದು ಕೂರಬೇಕು. ಯಾವುದಾದರೂ ಒಂದು ತುಸು ಸರಿದರೆ ಅಕ್ಷರದ ಸಪೂರ ಕಾಲುಗಳಿಗೆ ಬಣ್ಣ ತುಂಬಿಕೊಳ್ಳುತ್ತದೆ. ಇದಕ್ಕೆ ಹಳೆಯ ಉಪಾಯವಿದೆ: ಅಕ್ಷರದ ಹೊರಗೆ ಕಾಲು ಪಾಯಿಂಟಿನ ಒಂಟಿ ಕಪ್ಪು ಗೆರೆ ಕಟ್ಟಿ ಬಣ್ಣದ ಮೂರು ಶಾಯಿಗಳನ್ನು ಅಕ್ಷರದಿಂದ ದೂರ ನಿಲ್ಲಿಸುವುದು. ಆ ಗೆರೆಗೆ ಇನ್‌ಡಿಸೈನ್‌ನ ಸಿದ್ಧ ಬ್ಲ್ಯಾಕ್ ಹಾಕಿದರೆ ಅದು ಓವರ್‌ಪ್ರಿಂಟ್ ಆಗಿ ಕೆಳಗಿನ ಬಣ್ಣವನ್ನು ಉಳಿಸಿಬಿಡುತ್ತದೆ, ಗೆರೆ ಇದ್ದೂ ಇಲ್ಲದಂತೆ. ಅದೇ ಸ್ವಾಚ್‌ನ ನಕಲು ಮಾಡಿ, 0, 0, 0, 100ರ ಆ ನಕಲನ್ನು ಗೆರೆಗೆ ಕೊಡಬೇಕು. ನೂರು ಪ್ರತಿಶತ ಕಪ್ಪನ್ನು ಕಂಡಲ್ಲೆಲ್ಲ ಓವರ್‌ಪ್ರಿಂಟ್ ಮಾಡುವಂತೆ ಮುದ್ರಣಾಲಯದ ರಿಪ್ (ಫೈಲನ್ನು ಪ್ಲೇಟಿಗೆ ಸಿದ್ಧಪಡಿಸುವ ವ್ಯವಸ್ಥೆ) ಅನ್ನು ಹೊಂದಿಸಿಟ್ಟಿರುವುದೂ ಉಂಟು, ಆದ್ದರಿಂದ ಅವರನ್ನು ಮೊದಲೇ ಕೇಳಿ ಖಚಿತಪಡಿಸಿಕೊಂಡೆವು.

ಎರಡನೆಯ ಪ್ರೂಫನ್ನು ಡಿ50 ಎಂಬ ಪ್ರಮಾಣಿತ ಬೆಳಕಿನಡಿ ಹರಡಿ, ಮ್ಯಾಟ್ ಲ್ಯಾಮಿನೇಷನ್ ಹಾಕಿಸಿ ನೋಡಿದೆವು. ಮ್ಯಾಟ್ ಮೇಲ್ಮೈ ಬೆಳಕನ್ನು ಚದುರಿಸುವುದರಿಂದ ಯಾವ ಕಪ್ಪೂ ಸ್ವಲ್ಪ ಮೇಲೇಳುತ್ತದೆ. ಎದ್ದದ್ದು ಎಲ್ಲ ಕಡೆಯೂ ಸಮವಾಗಿತ್ತು. ಓರೆಯಾಗಿ ಹಿಡಿದರೂ ಬೆನ್ನಿನ ಪಕ್ಕದಲ್ಲಿ ಗೆರೆ ಮೂಡಲಿಲ್ಲ. ಲೂಪ್ (ಭೂತಗನ್ನಡಿ) ಹಿಡಿದು ಬೆನ್ನುಡಿಯ ಅಕ್ಷರಗಳನ್ನು ನೋಡಿದಾಗ ಅಂಚಿನಲ್ಲಿ ಬಣ್ಣದ ತುಣುಕೂ ಇರಲಿಲ್ಲ.

ಉಳಿದದ್ದು ಒಂದು ಬೇಡಿಕೆ. ಒಳಗಿನ ಶೀರ್ಷಿಕೆ ಪುಟವೂ ರಕ್ಷಾಪುಟದಷ್ಟೇ ಕಪ್ಪಾಗಿರಲಿ, ಈಗ ಅಂಕಿ ಗೊತ್ತಿದೆಯಲ್ಲ ಎಂದರು ವಿನ್ಯಾಸಕಿ. ಒಳಪುಟಗಳು ಕೋಟಿಂಗ್ ಇಲ್ಲದ ಕಾಗದ. ಅದು ಶಾಯಿಯನ್ನು ಹೀರುತ್ತದೆ, ಅದೇ 60, 40, 40, 100 ಅಲ್ಲಿ ಮಂಕಾಗಿ ಬೀಳುತ್ತದೆ. ಆಳ ತರಲು ಶಾಯಿ ಹೆಚ್ಚಿಸಿದರೆ ಎದುರಿನ ಪುಟಕ್ಕೆ ಕಲೆ. ಅಂಕಿ ಹೊಂದಿದರೆ ಕಪ್ಪು ಹೊಂದುತ್ತದೆ ಎಂಬ ಮಾತು ಒಂದೇ ಕಾಗದದ ಮೇಲಷ್ಟೇ ನಿಲ್ಲುತ್ತದೆ. ಎರಡೂ ಕಾಗದದ ತುಣುಕುಗಳನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸಿದ ಮೇಲೆ ಶೀರ್ಷಿಕೆ ಪುಟವನ್ನು ಬಿಳಿಯಾಗಿಯೇ ಬಿಟ್ಟು, ಒಂಟಿ ಕಪ್ಪಿನ ಅಕ್ಷರದಲ್ಲಿ ಹೆಸರು ಮಾತ್ರ ಉಳಿಸಲು ಅವರು ಒಪ್ಪಿದರು.